ಪೊಲೀಸ್ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಪೊಲೀಸ್ ಕ್ವಾರ್ಟರ್ಸ್‌ಗೆ ನಾನು ಬಂದು 19 ವರ್ಷವಾಯಿತು. ನಮ್ಮ ಮನೆಯವರು ಹೆಡ್ ಕಾನ್‌ಸ್ಟೆಬಲ್. ನಾದಿನಿಯ ಗಂಡ ಚಿಕ್ಕಮಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾರೆ. ಹಾಗಾಗಿ ಎರಡೂ ಜಿಲ್ಲೆಯ ಸುದ್ದಿ ನನ್ನ ಅಡುಗೆಮನೆಗೆ ಬರುತ್ತದೆ. ನೀರು ಬಿಡುವ ಹೊತ್ತಿನಲ್ಲಿ, ಮದುವೆ ಊಟದ ಸಾಲಿನಲ್ಲಿ, ಫೋನಿನಲ್ಲಿ, ಒಂದೆರಡು ಸಲ ಕಾಗದದಲ್ಲೂ ಹೆಂಗಸರು ಕೇಳಿದ ಪ್ರಶ್ನೆಗಳು ಇವು. ಹೆಸರು ತೆಗೆದಿದ್ದೇನೆ. ಮಾತು ಮಾತ್ರ ಅವರದೇ.

ಹೊಸದಾಗಿ ಬಂದವರು ಕೇಳುವುದು

"ಅಕ್ಕಾ, ಮದುವೆಯಾಗಿ ಕ್ವಾರ್ಟರ್ಸ್‌ಗೆ ಬಂದು ಒಂದು ತಿಂಗಳಾಯಿತು. ಯಾರೂ ಮಾತಾಡಿಸಲ್ಲ. ನಾನೇ ಹೋಗಿ ಮಾತಾಡಿಸಬೇಕಾ?"

ಹೌದು, ನೀವೇ ಹೋಗಿ. ಅವರಿಗೆ ಜಂಬ ಅಂದುಕೊಳ್ಳಬೇಡಿ. ಇಲ್ಲಿ ಒಂದು ಮನೆಯವರು ರಾತ್ರಿ ಬೀಟ್ ಮುಗಿಸಿ ಹಗಲು ಮಲಗಿರುತ್ತಾರೆ. ಪಕ್ಕದ ಮನೆಯವರು ಬೆಳಿಗ್ಗೆ ರೋಲ್‌ಕಾಲ್‌ಗೆ ಓಡುತ್ತಿರುತ್ತಾರೆ. ಯಾರ ಬಾಗಿಲನ್ನು ಯಾವಾಗ ತಟ್ಟಬಹುದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಎಲ್ಲರೂ ಸುಮ್ನೆ ಇರುತ್ತಾರೆ.

ಸಂಜೆ ಐದರ ಮೇಲೆ ಹೋಗಿ. ಏನಾದರೂ ಕೇಳಿಕೊಂಡು ಹೋಗಿ, ಕೊಡಲು ಹೋಗಬೇಡಿ. ಕೊಟ್ಟರೆ ಅವರು ತಿರುಗಿ ಕೊಡಬೇಕಲ್ಲ ಅಂತ ಯೋಚಿಸುತ್ತಾರೆ, ಕೇಳಿದರೆ ಹತ್ತಿರವಾಗುತ್ತಾರೆ. ನಾನು ಮೊದಲ ಸಲ ಹೋದದ್ದು ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮಜ್ಜಿಗೆ ಕೇಳಿಕೊಂಡು. ಆ ಮಜ್ಜಿಗೆ ಕೊಟ್ಟವರ ಹತ್ತಿರ ಇವತ್ತಿಗೂ ನಮ್ಮ ಮನೆಯ ಇನ್ನೊಂದು ಬೀಗದ ಕೈ ಇದೆ. ಅಕ್ಕಪಕ್ಕದ ಮೂರು ಮನೆಯ ನಂಬರನ್ನು ನಿಮ್ಮ ಫೋನಿನಲ್ಲೇ ಬರೆದಿಟ್ಟುಕೊಳ್ಳಿ. ಗಂಡನ ಫೋನಿನಲ್ಲಿದ್ದರೆ ಪ್ರಯೋಜನವಿಲ್ಲ. ಆ ನಂಬರ್ ಬೇಕಾಗುವ ಹೊತ್ತಿಗೆ ಅವರು ಮನೆಯಲ್ಲಿ ಇರುವುದೇ ಇಲ್ಲ.

"ಸಾಹೇಬರ ಮನೆಯವರನ್ನು ಮೇಡಂ ಅಂತಲೇ ಕರೆಯಬೇಕಾ?"

ಹೆಚ್ಚಿನವರು ಹಾಗೇ ಕರೆಯುತ್ತಾರೆ. ಯೂನಿಫಾರ್ಮಿನ ಪಟ್ಟಿ, ನಕ್ಷತ್ರ ಹೆಂಡತಿಯರ ಹೆಗಲಿಗೆ ಬರುವುದಿಲ್ಲ ಅಂತ ಹೇಳುವುದು ಸುಲಭ. ಆದರೆ ಭೇದ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ನಾನು ಕಂಡಂತೆ ಸಾಹೇಬರು ಎರಡು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ, ಕಾನ್‌ಸ್ಟೆಬಲ್ ಮನೆಯವರು ಇದೇ ಜಿಲ್ಲೆಯಲ್ಲಿ ಮೂವತ್ತು ವರ್ಷ ಇರುತ್ತಾರೆ. ಕಷ್ಟಕ್ಕೆ ಆಗುವ ನೆಂಟಸ್ತಿಕೆಯನ್ನು ಯಾರ ಜೊತೆ ಬೆಳೆಸಬೇಕು ಅಂತ ನೀವೇ ಲೆಕ್ಕ ಹಾಕಿ.

"ಬಂದೋಬಸ್ತ್‌ಗೆ ಹೋದರೆ ಇವರು ಫೋನೇ ಎತ್ತಲ್ಲ. ಜೀವ ಬಾಯಿಗೆ ಬರುತ್ತದೆ. ಯಾರನ್ನು ಕೇಳಲಿ?"

ಮೊದಲು ಎಲ್ಲಿಗೆ ಹೋಗಿದ್ದಾರೆ ನೋಡಿ. ಡಿಸೆಂಬರ್‌ನಲ್ಲಿ ದತ್ತ ಜಯಂತಿಗೆ ಬಾಬಾಬುಡನ್‌ಗಿರಿಗೆ ಹಾಕಿದ್ದರೆ ಬೆಟ್ಟದಲ್ಲಿ ಎಷ್ಟೋ ಕಡೆ ಸಿಗ್ನಲ್ಲೇ ಇರುವುದಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿ, ಚಾರ್ಮಾಡಿ ಘಾಟಿಯ ಕಡೆ ಹಾಕಿದ್ದರೂ ಅದೇ ಕಥೆ. ಹಾಸನಾಂಬೆ ದರ್ಶನದ ಗಲಾಟೆಯಲ್ಲಿ ಸಿಗ್ನಲ್ ಇದ್ದರೂ ರಿಂಗ್ ಕೇಳಿಸುವುದಿಲ್ಲ.

ಮೇಲಿಂದ ಮೇಲೆ ಫೋನ್ ಮಾಡುತ್ತಾ ಕೂರಬೇಡಿ. ಅವರ ಬ್ಯಾಟರಿ ಖಾಲಿಯಾಗುತ್ತದೆ ಅಷ್ಟೆ. ಒಂದು ಮೆಸೇಜ್ ಹಾಕಿ. ನಾನು ಮತ್ತು ನಮ್ಮವರು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಕೈ ಬಿಡುವಾದಾಗ ಬರೀ ಒಂದು ಚುಕ್ಕಿ ಕಳಿಸುತ್ತಾರೆ. ಚುಕ್ಕಿ ಬಂದರೆ ಊಟ ಆಯಿತು, ಆರಾಮಾಗಿದ್ದೇನೆ ಅಂತ ಅರ್ಥ. ನಿಜಕ್ಕೂ ತುರ್ತಿದ್ದರೆ ಠಾಣೆಯ ನಂಬರಿಗೆ ಮಾಡಿ, ಅಲ್ಲಿ ಬರವಣಿಗೆ ಕೆಲಸ ನೋಡುವ ರೈಟರನ್ನು ಕೇಳಿ. ಯಾರನ್ನು ಯಾವ ಪಾಯಿಂಟಿಗೆ ಹಾಕಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಜೊತೆಗೆ ಹೋದ ಇನ್ನೊಬ್ಬರ ಮನೆಯ ನಂಬರ್ ಕೂಡ ಇರಲಿ. ಎರಡು ಮನೆಯಲ್ಲಿ ಒಂದಕ್ಕೆ ಸುದ್ದಿ ಬಂದಿರುತ್ತದೆ.

"ಪೊಲೀಸ್ ಅಂದರೆ ಬಾಡಿಗೆಗೆ ಮನೆ ಕೊಡಲ್ಲ ಅಂತಾರಲ್ಲ, ಏನು ಮಾಡೋದು?"

ಎಲ್ಲರಿಗೂ ಕ್ವಾರ್ಟರ್ಸ್ ಸಿಗುವುದಿಲ್ಲ. ಮನೆ ಕಟ್ಟಲೆಂದೇ ರಾಜ್ಯದಲ್ಲಿ 1985ರಿಂದ ಪೊಲೀಸ್ ಗೃಹ ನಿರ್ಮಾಣ ನಿಗಮ ಇದೆ. ಆದರೂ ಸರದಿಗೆ ಕಾಯಬೇಕು. ಬಾಡಿಗೆ ಮಾಲೀಕರಿಗೆ ಇರುವ ಹೆದರಿಕೆ ಒಂದೇ: "ಬಾಡಿಗೆ ಕೊಡದಿದ್ದರೆ ಯಾರ ಹತ್ತಿರ ಹೇಳಿಕೊಳ್ಳಲಿ?" ಅದಕ್ಕೆ ಮೊದಲೇ ಕರಾರು ಪತ್ರ ಮಾಡಿಸಿ, ಬಾಡಿಗೆಯನ್ನು ಬ್ಯಾಂಕಿನಿಂದಲೇ ಹಾಕಿ. ಆ ಮನೆಯಲ್ಲಿ ಮುಂಚೆ ಇದ್ದ ಪೊಲೀಸ್ ಕುಟುಂಬ ಒಳ್ಳೆಯ ಮಾತು ಹೇಳಿದರಂತೂ ಕೆಲಸ ಸಲೀಸು. ನೀವು ಖಾಲಿ ಮಾಡುವಾಗ ಗೋಡೆಗೆ ಸುಣ್ಣ ಹೊಡೆಸಿ ಹೋಗಿ. ಮುಂದೆ ಬರುವವರಿಗೆ ನೀವು ಮಾಡುವ ದೊಡ್ಡ ಉಪಕಾರ ಅದೇ.

ಮಕ್ಕಳು, ಜಾತ್ರೆ, ದುಡ್ಡು

"ನಾವಿಬ್ಬರೂ ಪೊಲೀಸ್. ಇಬ್ಬರಿಗೂ ಒಂದೇ ರಾತ್ರಿ ಡ್ಯೂಟಿ ಬಿದ್ದರೆ ಮಗೂನ ಎಲ್ಲಿ ಬಿಡೋದು?"

ಹೆರಿಗೆ ರಜೆ 180 ದಿನ ಇದೆ. ಅದಲ್ಲದೆ ಮಗುವಿನ ಪಾಲನೆಗೆ ಅಂತ ಸರ್ಕಾರಿ ನೌಕರಿಯ ಹೆಣ್ಣುಮಕ್ಕಳಿಗೆ ರಾಜ್ಯ ಸರ್ಕಾರ 2021ರಲ್ಲಿ ಆರು ತಿಂಗಳ ರಜೆ ಕೊಟ್ಟಿದೆ. ಒಟ್ಟಿಗೇ ತೆಗೆದುಕೊಳ್ಳಬೇಕೆಂದಿಲ್ಲ, ಕಂತಿನಲ್ಲಿ ಬಳಸಬಹುದು. ಮಗುವಿಗೆ ಪರೀಕ್ಷೆಯೋ ಕಾಯಿಲೆಯೋ ಬಂದಾಗ ಬೇಕಾಗುತ್ತದೆ, ಎಲ್ಲಾ ಮೊದಲೇ ಮುಗಿಸಬೇಡಿ.

ಇಬ್ಬರ ಠಾಣೆ ಬೇರೆಯಾದರೆ ಡ್ಯೂಟಿ ಹಾಕುವವರೂ ಬೇರೆ. ಅವರಿಗೆ ನಿಮ್ಮ ಮನೆಯ ವಿಷಯ ತಾನಾಗಿಯೇ ತಿಳಿಯುವುದಿಲ್ಲ. ತಿಂಗಳ ಮೊದಲೇ ಇಬ್ಬರೂ ಹೇಳಿಕೊಳ್ಳಿ. ಆದರೂ ಒಂದು ರಾತ್ರಿ ತಪ್ಪಿ ಬಿದ್ದೇ ಬೀಳುತ್ತದೆ. ಅದಕ್ಕೆ ಒಂದು ಮನೆ ಗೊತ್ತುಮಾಡಿಟ್ಟುಕೊಳ್ಳಿ, ಮತ್ತು ಮಗುವಿಗೆ ಆ ಮನೆ ರೂಢಿಯಾಗಲು ಬಿಡಿ. ನಮ್ಮ ಮನೆಯಲ್ಲಿ ಹಾಗೆ ಮಲಗಿ ಬೆಳೆದ ಹುಡುಗಿಗೆ ಈಗ ಹನ್ನೊಂದು ವರ್ಷ. ಅವಳ ಹಲ್ಲುಜ್ಜುವ ಬ್ರಷ್ ಇನ್ನೂ ನಮ್ಮ ಬಚ್ಚಲಲ್ಲೇ ಇದೆ. ನೋಡಿಕೊಂಡವರಿಗೆ ದುಡ್ಡು ಕೊಡಬೇಕಾ ಅಂತ ಕೇಳಬೇಡಿ, ಬೇಜಾರಾಗುತ್ತದೆ. ಅವರ ಅತ್ತೆಗೆ ಹುಷಾರಿಲ್ಲದಾಗ ನೀವು ಎರಡು ಹೊತ್ತು ಅಡುಗೆ ಮಾಡಿಕೊಡಿ.

"ಹಾಸನಾಂಬೆ ಬಾಗಿಲು ತೆಗೆದಾಗ ಹೊರಗಿನ ಜಿಲ್ಲೆಯ ಪೊಲೀಸರೆಲ್ಲ ಬರ್ತಾರೆ. ನಾವು ಮನೆಯಲ್ಲಿರೋ ಹೆಂಗಸರು ಏನಾದರೂ ಮಾಡಬಹುದಾ?"

ಈ ಪ್ರಶ್ನೆ ಕೇಳಿದ ಹುಡುಗಿಯನ್ನು ನಾನು ಅವತ್ತೇ ಇಷ್ಟಪಟ್ಟೆ. ವರ್ಷಕ್ಕೊಂದು ಸಲ, ದೀಪಾವಳಿಯ ಆಸುಪಾಸಿನಲ್ಲಿ ಗುಡಿಯ ಬಾಗಿಲು ತೆಗೆಯುತ್ತಾರೆ. ಬೇರೆ ಜಿಲ್ಲೆಯ ಸಿಬ್ಬಂದಿ ಬಂದು ಕಲ್ಯಾಣ ಮಂಟಪದಲ್ಲೋ ಹಾಸ್ಟೆಲಿನಲ್ಲೋ ಉಳಿದುಕೊಳ್ಳುತ್ತಾರೆ. ಊಟ ಹೇಗೋ ಆಗುತ್ತದೆ. ಕಷ್ಟ ಇರುವುದು ಬಚ್ಚಲಿನದು. ನೂರು ಜನ ಇರುವ ಕಡೆ ನಾಲ್ಕು ಬಚ್ಚಲು, ಬೆಳಗಿನ ಜಾವ ಡ್ಯೂಟಿ, ಹಾಸನದ ಚಳಿ. ಅದರಲ್ಲೂ ಮುಟ್ಟಿನ ದಿನ ಬಂದ ಹೆಣ್ಣುಮಕ್ಕಳ ಪಾಡು ಕೇಳಬೇಡಿ.

ನಾವು ಐದು ಮನೆಯವರು ಸೇರಿ ಬಚ್ಚಲು ಬಿಟ್ಟುಕೊಡುತ್ತೇವೆ. ನಾಲ್ಕು ಗಂಟೆಗೆ ಹಂಡೆಗೆ ಉರಿ ಹಾಕಿದರೆ ಆರರ ಒಳಗೆ ಏಳೆಂಟು ಜನರ ಸ್ನಾನ ಆಗುತ್ತದೆ. ಬಟ್ಟೆ ಒಣಗಿಸಲು ಒಂದು ಹಗ್ಗ, ಫೋನ್ ಚಾರ್ಜಿಗೆ ಒಂದು ಪ್ಲಗ್, ಒಂದು ಲೋಟ ಕಾಫಿ. ಮೊದಲ ವರ್ಷ ನಾನು ಉಮೇದಿನಲ್ಲಿ ಇಪ್ಪತ್ತು ಜನಕ್ಕೆ ಅಕ್ಕಿ ರೊಟ್ಟಿ ತಟ್ಟಿದ್ದೆ, ಹುಚ್ಚೆಳ್ಳು ಚಟ್ನಿ ಬೇರೆ. ಅರ್ಧ ಉಳಿಯಿತು. ತಿನ್ನಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಬೇಕಾದದ್ದು ಏನು ಅಂತ ಕೇಳಿ ಮಾಡಬೇಕು ಅಂತ ಆಮೇಲೆ ತಿಳಿಯಿತು. ಹೋದ ವರ್ಷ ಬಂದಿದ್ದ ಒಬ್ಬರು ಮಗಳ ನಾಮಕರಣಕ್ಕೆ ನಮ್ಮೈವರನ್ನೂ ಕರೆದಿದ್ದರು.

"ಕ್ವಾರ್ಟರ್ಸ್ ಹೆಂಗಸರು ಚೀಟಿ ಹಾಕ್ತಿದ್ದಾರೆ. ಸೇರಲಾ?"

ಬೇಡ. ನೋಂದಣಿ ಇಲ್ಲದೆ ಚೀಟಿ ನಡೆಸುವುದು 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ತಪ್ಪು. ಚೀಟಿ ಮುಳುಗಿದ ದೂರು ತೆಗೆದುಕೊಳ್ಳುವ ಮನೆಯವರೇ ಚೀಟಿ ಹಾಕಿದರೆ ಹೇಗೆ? ಅಷ್ಟೇ ಅಲ್ಲ, ಹತ್ತು ಮನೆಯ ಸ್ನೇಹ ಒಂದೇ ಕಂತಿನಲ್ಲಿ ಕೆಟ್ಟದ್ದನ್ನು ನಾನು ನೋಡಿದ್ದೇನೆ. ಸಾಲ ಬೇಕಿದ್ದರೆ ನೌಕರರ ಪತ್ತಿನ ಸಹಕಾರ ಸಂಘ ಇದೆ. ತಿಂಗಳಿಗೆ ನೂರೋ ಇನ್ನೂರೋ ಹಾಕಿ ತುರ್ತಿಗೆ ಒಂದು ಡಬ್ಬಿ ಇಡಬೇಕು ಅನಿಸಿದರೆ ಇಡಿ. ಆದರೆ ಲೆಕ್ಕದ ಪುಸ್ತಕ ಒಬ್ಬರ ಹತ್ತಿರ, ದುಡ್ಡು ಇನ್ನೊಬ್ಬರ ಹತ್ತಿರ ಇರಲಿ.

ಆಸ್ಪತ್ರೆ ಮತ್ತು ಕಾಗದಪತ್ರ

"ಆರೋಗ್ಯ ಭಾಗ್ಯ ಇದೆ ಅಂತ ಹೋದರೆ ಆಸ್ಪತ್ರೆಯವರು ಮೊದಲು ದುಡ್ಡು ಕಟ್ಟಿ ಅಂದರು. ಯಾಕೆ?"

ಆರೋಗ್ಯ ಭಾಗ್ಯ ಪೊಲೀಸ್ ಸಿಬ್ಬಂದಿಗೂ ಮನೆಯವರಿಗೂ ಇರುವ ಯೋಜನೆ. ಒಪ್ಪಂದ ಮಾಡಿಕೊಂಡ ಆಸ್ಪತ್ರೆಯಲ್ಲಿ ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು. ತೊಂದರೆ ಆಗುವುದು ಹೆಚ್ಚಾಗಿ ಎರಡು ಕಡೆ. ಆ ಆಸ್ಪತ್ರೆ ಪಟ್ಟಿಯಲ್ಲಿ ಇರುವುದಿಲ್ಲ, ಅಥವಾ ನಿಮ್ಮ ಹೆಸರು ಅವರ ದಾಖಲೆಯಲ್ಲಿ ಸೇರಿರುವುದಿಲ್ಲ. ಮದುವೆಯಾದ ಮೇಲೆ, ಮಗು ಹುಟ್ಟಿದ ಮೇಲೆ ಹೆಸರು ಸೇರಿಸುವುದನ್ನು ನಮ್ಮ ಗಂಡಸರು ಮುಂದೂಡುತ್ತಾ ಹೋಗುತ್ತಾರೆ. ಊರಿನ ಕಳ್ಳನನ್ನೆಲ್ಲ ಹಿಡಿಯುವವರಿಗೆ ತಮ್ಮ ಮನೆಯ ಒಂದು ಅರ್ಜಿ ಹಿಡಿಯಲು ಆಗುವುದಿಲ್ಲ!

ನಮ್ಮತ್ತೆಗೆ ಹಾಗೇ ಆಯಿತು. ರಾತ್ರಿ ಒಂಬತ್ತಕ್ಕೆ ಒಂದು ಆಸ್ಪತ್ರೆಯಲ್ಲಿ ಮುಂಗಡ ಕೇಳಿದರು. ಇವರು ಅರಸೀಕೆರೆಯಲ್ಲಿ ಬಂದೋಬಸ್ತ್‌ನಲ್ಲಿದ್ದರು. ಎದುರು ಮನೆಯವರು ಕಾರ್ಡ್ ಕೊಟ್ಟು ಕಟ್ಟಿದರು, ಎಷ್ಟು ಅಂತಲೂ ಕೇಳಲಿಲ್ಲ. ಆಮೇಲೆ ನೋಡಿದರೆ ಆ ಆಸ್ಪತ್ರೆ ಪಟ್ಟಿಯಲ್ಲೇ ಇರಲಿಲ್ಲ. ತಪ್ಪು ನಮ್ಮದೇ. ಪಟ್ಟಿಯನ್ನು ಈಗಲೇ ತರಿಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ. ದುಡ್ಡು ಕಟ್ಟಲೇಬೇಕಾದರೆ ಮೂಲ ಬಿಲ್ಲು, ಡಿಸ್ಚಾರ್ಜ್ ಚೀಟಿ ಯಾವುದನ್ನೂ ಬಿಡಬೇಡಿ. ವೈದ್ಯಕೀಯ ವೆಚ್ಚ ಮರುಪಾವತಿಗೆ ಎಸ್‌ಪಿ ಕಚೇರಿಯಲ್ಲಿ ಕೇಳುವಾಗ ಬೇಕಾಗುತ್ತದೆ.

"ಮನೆಯಲ್ಲಿ ಯಾವ ಯಾವ ಕಾಗದ ಇಟ್ಟುಕೊಂಡಿರಬೇಕು? ಕೇಳಿದರೆ ಇವರು ಅಪಶಕುನ ಅಂತಾರೆ."

ಅಪಶಕುನ ಅಲ್ಲ. ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಪಾಲಿಸಿ, ಜಿಪಿಎಫ್ (ಭವಿಷ್ಯ ನಿಧಿ) ಅಥವಾ ಎನ್‌ಪಿಎಸ್ (ಹೊಸ ಪಿಂಚಣಿ) ನಂಬರ್, ಸಂಬಳದ ಖಾತೆಯ ಪಾಸ್‌ಪುಸ್ತಕ, ಸಾಲದ ಕಾಗದ, ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ. ಇಷ್ಟರ ಜೆರಾಕ್ಸ್ ಒಂದು ಫೈಲಿನಲ್ಲಿರಲಿ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಹೆಚ್ಚಾಗಿ ಎನ್‌ಪಿಎಸ್‌ನವರು, ಹಿಂದಿನವರಿಗೆ ಹಳೆಯ ಪಿಂಚಣಿ. ನೀವು ಯಾವ ಕಡೆ ಅಂತ ತಿಳಿದುಕೊಂಡಿರಿ.

ಮುಖ್ಯವಾಗಿ ನಾಮಿನಿ ನೋಡಿ. ಎಷ್ಟೋ ಜನ ಕೆಲಸಕ್ಕೆ ಸೇರಿದಾಗ ಮದುವೆಯಾಗಿರುವುದಿಲ್ಲ, ಅಮ್ಮನ ಹೆಸರು ಬರೆದಿರುತ್ತಾರೆ. ಹಾಗೇ ಉಳಿದುಬಿಡುತ್ತದೆ. ನಾಳೆ ಅತ್ತೆ ಸೊಸೆ ಕಚೇರಿಯ ಬಾಗಿಲಲ್ಲಿ ಎದುರುಬದುರು ನಿಲ್ಲಬೇಕಾಗುತ್ತದೆ. ನಾನು ಹೋದ ಸಂಕ್ರಾಂತಿಗೆ ಎಳ್ಳು ಬೀರಲು ಹೋದ ಮನೆಯಲ್ಲೆಲ್ಲ ಇದನ್ನೇ ಕೇಳಿದೆ. ಕೆಲವರು ಮುಖ ಸಿಂಡರಿಸಿದರು. ಆರು ಮನೆಯವರು ಆ ವಾರವೇ ಬದಲಾಯಿಸಿಕೊಂಡರು.

"ಪಕ್ಕದ ಮನೆಯವರು ಡ್ಯೂಟಿಯಲ್ಲಿ ತೀರಿಕೊಂಡರು. ಮೊದಲ ದಿನ ನಾವು ಏನು ಮಾಡಬೇಕು ಗೊತ್ತಾಗಲಿಲ್ಲ. ಸುಮ್ನೆ ಅಳ್ತಾ ನಿಂತಿದ್ವಿ."

ಅಳುವುದೂ ಬೇಕು. ಆದರೆ ಮೂರು ಜನ ಅಳದೆ ಇರಬೇಕು. ಒಬ್ಬರು ಆ ಹೆಂಗಸಿನ ಪಕ್ಕ ಬಿಟ್ಟೇಳದೆ ಕೂರಬೇಕು, ಅವಳ ಫೋನ್ ಅವರ ಕೈಯಲ್ಲಿರಬೇಕು. ಅಪಘಾತದ ಫೋಟೋ ಕಳಿಸುವ ಜನ ಇದ್ದಾರೆ, ಅದು ಅವಳ ಕಣ್ಣಿಗೆ ಬೀಳಬಾರದು. ಇನ್ನೊಬ್ಬರು ಮಕ್ಕಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಊಟ ಮಾಡಿಸಬೇಕು. ಮೂರನೆಯವರು ಗಂಡಸರಾದರೆ ಒಳ್ಳೆಯದು, ಮರಣೋತ್ತರ ಪರೀಕ್ಷೆ, ಠಾಣೆ, ಊರಿಗೆ ಹೋಗುವ ಗಾಡಿ ನೋಡಿಕೊಳ್ಳಬೇಕು. ಅವತ್ತು ಯಾವ ಕಾಗದಕ್ಕೂ ಅವಳ ಸಹಿ ಹಾಕಿಸಲು ಬಿಡಬೇಡಿ. ಓದದೆ ಹಾಕಿದ ಸಹಿ ಆಮೇಲೆ ಕಾಡುತ್ತದೆ. ಕಾನೂನಿಗೆ ಬೇಕಾದ ಹೇಳಿಕೆ ಇದ್ದರೆ ತವರಿನವರೊಬ್ಬರು ಜೊತೆಯಲ್ಲಿ ಕೂತು ಓದಿ ಹೇಳಲಿ.

2024ರ ಡಿಸೆಂಬರ್ 1ರಂದು ಒಬ್ಬ ಹೊಸ ಐಪಿಎಸ್ ಅಧಿಕಾರಿ ಮೊದಲ ಪೋಸ್ಟಿಂಗ್‌ಗೆ ಅಂತ ಹಾಸನಕ್ಕೆ ಬರುತ್ತಿದ್ದಾಗ ಊರಿನ ಹತ್ತಿರವೇ ಜೀಪು ಅಪಘಾತವಾಗಿ ತೀರಿಕೊಂಡರು. 26 ವರ್ಷ. ನಮ್ಮ ಜಿಲ್ಲೆಯಲ್ಲಿ ಒಂದು ದಿನವೂ ಕೆಲಸ ಮಾಡಿರಲಿಲ್ಲ. ನಮ್ಮ ಸಾಲಿನಲ್ಲಿ ಯಾರೂ ಅವರ ಮುಖ ನೋಡಿದವರಲ್ಲ. ಆದರೂ ಅವತ್ತು ರಾತ್ರಿ ಒಂದು ಮನೆಯಲ್ಲೂ ಟಿವಿಯ ಸದ್ದಿರಲಿಲ್ಲ.

ವರ್ಷದ ಮೇಲೂ ನೆನಪಿಡಿ. ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಪೊಲೀಸರು ಬಲಿಯಾದ ದಿನ. ಅವತ್ತು ಜಿಲ್ಲಾ ಕೇಂದ್ರದಲ್ಲಿ ಆ ವರ್ಷ ತೀರಿಕೊಂಡವರ ಹೆಸರು ಓದುತ್ತಾರೆ. ಆ ಹೆಂಗಸು ಹೋಗುವುದಾದರೆ ಒಬ್ಬಳನ್ನೇ ಕಳಿಸಬೇಡಿ. ಹೋಗುವುದಿಲ್ಲ ಅಂದರೂ ಸರಿ, ಅವತ್ತು ಅವಳ ಮನೆಗೆ ಯಾರಾದರೂ ಹೋಗಿ ಕೂತಿರಿ.

"ಯಜಮಾನರು ಹೋಗಿ ಎಂಟು ತಿಂಗಳಾಯಿತು. ಅನುಕಂಪದ ಕೆಲಸಕ್ಕೆ ನಿಧಾನವಾಗಿ ಅರ್ಜಿ ಹಾಕಿದರೆ ಆಗಲ್ವಾ?"

ಆಗುವುದಿಲ್ಲ, ನಾಳೆಯೇ ಹಾಕಿ. ತೀರಿಕೊಂಡ ನೌಕರರ ಮನೆಯವರೊಬ್ಬರಿಗೆ ಕೊಡುವ ಕೆಲಸ ಇದು. 1996ರ ಅನುಕಂಪದ ನೇಮಕಾತಿ ನಿಯಮದ ಪ್ರಕಾರ ತೀರಿಕೊಂಡ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ದುಃಖದಲ್ಲಿ ಎಂಟು ತಿಂಗಳು ಎಂಟು ದಿನದ ಹಾಗೆ ಹೋಗುತ್ತದೆ ಅಂತ ನಿಯಮಕ್ಕೆ ಗೊತ್ತಿಲ್ಲ. ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಯೂನಿಫಾರ್ಮಿನ ಕೆಲಸವೇ ಆಗಬೇಕೆಂದಿಲ್ಲ, ಓದಿಗೆ ತಕ್ಕ ಕಚೇರಿ ಕೆಲಸವೂ ಇರುತ್ತದೆ. ಮದುವೆಯಾದ ಮಗಳಿಗೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮದುವೆಯಾಗಿದೆ ಅನ್ನುವ ಒಂದೇ ಕಾರಣಕ್ಕೆ ಮಗಳನ್ನು ಹೊರಗಿಡುವುದು ತಪ್ಪು ಅಂತ 2020ರಲ್ಲಿ ನಮ್ಮ ಹೈಕೋರ್ಟ್ ಹೇಳಿದೆ. ಪಕ್ಕದ ಮನೆಯವರಿಗೆ ಒಂದು ಮಾತು: ಗೋಡೆಯ ಕ್ಯಾಲೆಂಡರಿನಲ್ಲಿ ಆ ಕೊನೆಯ ದಿನಕ್ಕೆ ನೀವೇ ಗುರುತು ಹಾಕಿಡಿ.

ಹೇಳಲು ಹಿಂಜರಿಯುವ ಪ್ರಶ್ನೆಗಳು

"ಇವರು ಮಾತೇ ಬಿಟ್ಟಿದ್ದಾರೆ. ನಿದ್ದೆ ಇಲ್ಲ, ಕುಡಿಯೋದು ಜಾಸ್ತಿ. ಡಾಕ್ಟರ್ ಹತ್ತಿರ ಹೋದರೆ ಕೆಲಸಕ್ಕೆ ತೊಂದರೆ ಆಗುತ್ತಾ?"

ಈ ಹೆದರಿಕೆಯಿಂದಲೇ ಎಷ್ಟೋ ಮನೆ ಕೆಟ್ಟಿದೆ. 2016ರ ಜುಲೈನಲ್ಲಿ ಒಂದೇ ವಾರದಲ್ಲಿ ಇಬ್ಬರು ಡಿವೈಎಸ್‌ಪಿಗಳು ಆತ್ಮಹತ್ಯೆ ಮಾಡಿಕೊಂಡರು. ಒಬ್ಬರು ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದವರು. ಅವರವರ ಕಾರಣದ ಬಗ್ಗೆ ನಾನು ಮಾತಾಡುವುದಿಲ್ಲ. ಆ ವಾರ ನಾದಿನಿ ಫೋನ್ ಮಾಡಿ, "ಅತ್ತಿಗೆ, ಇವರು ಮನೆಗೆ ಬಂದರೆ ಮುಖಾನೇ ನೋಡ್ತಾ ಕೂತಿರ್ತೀನಿ" ಅಂದಿದ್ದಳು.

ಮೊದಲು ಫೋನಿನಲ್ಲೇ ಮಾತಾಡಬಹುದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನೀವು ಹೆಂಡತಿಯಾಗಿ ಮಾಡಿದರೂ ದಾರಿ ಹೇಳುತ್ತಾರೆ. ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾಸ್ಪತ್ರೆ ಇದೆ. ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಸಾವಿನ ಮಾತು ಬಾಯಿಗೆ ಬಂದಿದ್ದರೆ ಮಾತ್ರ ಗುಟ್ಟು, ಮರ್ಯಾದೆ ಯಾವುದನ್ನೂ ನೋಡಬೇಡಿ. ಅವರು ನಂಬುವ ಜೊತೆಗಾರರೊಬ್ಬರನ್ನು ಕರೆಸಿ. ಒಬ್ಬರನ್ನೇ ಬಿಡಬೇಡಿ. ಆಯುಧ ಇರುವ ಡ್ಯೂಟಿಯಿಂದ ಬದಲಿಸಿ ಅಂತ ಅವರ ಮೂಲಕ ಸಾಹೇಬರಿಗೆ ಹೇಳಿಸಿ. ಜೊತೆಗಾರರಾದವರು ಇಂಥ ಹೊತ್ತಲ್ಲಿ "ಬಾ, ಒಂದು ಪೆಗ್ ಹಾಕೋಣ, ಸರಿಹೋಗುತ್ತೆ" ಅನ್ನುತ್ತಾರಲ್ಲ, ಅವರ ಮೇಲೆ ನನಗೆ ಬಹಳ ಸಿಟ್ಟಿದೆ.

"ಬೇರೆ ನೌಕರರಿಗೆಲ್ಲ ಸಂಘ ಇದೆ. ಪೊಲೀಸರಿಗೆ ಯಾಕಿಲ್ಲ? ನಾವು ಹೆಂಡತಿಯರಾದರೂ ಧರಣಿ ಕೂರಬಹುದಾ?"

ಸಂವಿಧಾನದ 33ನೇ ವಿಧಿ ಪೊಲೀಸರ ಹಕ್ಕಿಗೆ ಮಿತಿ ಹಾಕಲು ಸಂಸತ್ತಿಗೆ ಅವಕಾಶ ಕೊಟ್ಟಿದೆ. ಅದರಂತೆ 1966ರಲ್ಲಿ ಕಾಯ್ದೆ ಬಂತು. ಅನುಮತಿ ಇಲ್ಲದೆ ಕಾರ್ಮಿಕ ಸಂಘಕ್ಕೆ ಸೇರುವಂತಿಲ್ಲ. 2016ರ ಜೂನ್ 4ರಂದು ರಾಜ್ಯದಲ್ಲಿ ಸಾಮೂಹಿಕ ರಜೆಯ ಕರೆ ಬಂದಿದ್ದು ನೆನಪಿರಬಹುದು. ಮುಂದಾಳತ್ವ ವಹಿಸಿದವರ ಬಂಧನವಾಯಿತು, ರಜೆ ನಡೆಯಲಿಲ್ಲ. ಆದರೆ ಸಂಬಳದ ಮಾತು ಅಲ್ಲಿಗೇ ನಿಲ್ಲಲಿಲ್ಲ. ಪೊಲೀಸರ ವೇತನ ನೋಡಲು ಸರ್ಕಾರ ನೇಮಿಸಿದ್ದ ಔರಾದ್ಕರ್ ಸಮಿತಿಯ ವರದಿ ಬಂತು, 2019ರ ಆಗಸ್ಟ್‌ನಿಂದ ವೇತನ ಸ್ವಲ್ಪ ಏರಿತು.

ಕಾಯ್ದೆ ಇರುವುದು ಯೂನಿಫಾರ್ಮ್ ಹಾಕಿದವರಿಗೆ. ನಾವು ಸಾಮಾನ್ಯ ನಾಗರಿಕರು, ಮನವಿ ಕೊಡಬಹುದು, ಮಾತಾಡಬಹುದು. ಆದರೂ ನಾನು ಹುಷಾರಾಗಿರುತ್ತೇನೆ. ನಮ್ಮ ಹಿಂದೆ ಇವರೇ ಇದ್ದಾರೆ ಅಂತ ಯಾರಾದರೂ ಬರೆದರೆ ನೋಟಿಸ್ ಬರುವುದು ಇವರಿಗೆ. ನೀರು, ಒಳಚರಂಡಿ, ಸೋರುವ ಛಾವಣಿ, ಶಾಲೆಯ ಬಸ್ಸು, ಇಂಥದ್ದಕ್ಕೆ ಹದಿನೈದು ಹೆಂಗಸರು ಸಹಿ ಹಾಕಿ ಎಸ್‌ಪಿ ಸಾಹೇಬರನ್ನು ಕಂಡರೆ ಕೆಲಸ ಆಗುತ್ತದೆ. ನಮ್ಮ ಛಾವಣಿ ಹಾಗೇ ರಿಪೇರಿಯಾಯಿತು, ಎರಡು ಮಳೆಗಾಲ ಕಳೆದ ಮೇಲೆ.

"ಮೇಲಿನ ಮನೆಯಲ್ಲಿ ಹೆಂಡತಿಗೆ ಹೊಡೀತಾರೆ. ಅವರೂ ಪೊಲೀಸ್, ನಾವೂ ಪೊಲೀಸ್ ಮನೆಯವರು. ಒಗ್ಗಟ್ಟು ಅಂತ ಸುಮ್ಮನಿರಬೇಕಾ?"

ಈ ಪ್ರಶ್ನೆ ಕಾಗದದಲ್ಲಿ ಬಂತು, ಹೆಸರಿರಲಿಲ್ಲ. ಸುಮ್ಮನಿರಬಾರದು. ಆ ಹೆಂಗಸೂ ನಮ್ಮವಳೇ ಅಲ್ವಾ? ಅವಳು ಯಾವ ಠಾಣೆಗೆ ಹೋದರೂ ಅಲ್ಲಿ ಗಂಡನ ಪರಿಚಯದವರೇ ಇರುತ್ತಾರೆ. ಊರಿನ ಬೇರೆ ಹೆಂಗಸರಿಗೆ ಇರುವ ಬಾಗಿಲು ಅವಳಿಗೆ ಮುಚ್ಚಿದ ಹಾಗೆ.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣಾಧಿಕಾರಿ ಅಂತ ಇದ್ದಾರೆ. ಅವರು ಪೊಲೀಸ್ ಇಲಾಖೆಯವರಲ್ಲ. ಪಕ್ಕದ ಮನೆಯವರೂ ಮಾಹಿತಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟವರ ಮೇಲೆ ಕೇಸು ಬರುವುದಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಮಹಿಳಾ ಸಹಾಯವಾಣಿ 181 ಕೂಡ ಇದೆ. ಆದರೆ ಮೊದಲು ಅವಳನ್ನು ಕೇಳಿ, ಅವನಿಲ್ಲದ ಹೊತ್ತಿನಲ್ಲಿ. ಅವಳಿಗೆ ಬೇಕಾದದ್ದು ಅವತ್ತಿಗೆ ಒಂದು ರಾತ್ರಿ ಮಲಗುವ ಜಾಗ ಮಾತ್ರ ಇರಬಹುದು. ಅದನ್ನು ಕೊಡಿ.

ನಾನು ಒಂದು ಸಲ ಸುಮ್ಮನಿದ್ದೆ. ಬಹಳ ಹಿಂದೆ. ಆ ಮನೆಯವರು ವರ್ಗವಾಗಿ ಹೋದರು, ಅವಳು ಹೋಗುವಾಗ ನನ್ನ ಮುಖ ನೋಡಲಿಲ್ಲ.

"ನಿವೃತ್ತಿ ಆದ ಮೇಲೆ ಒಬ್ಬರೂ ಈ ಕಡೆ ತಿರುಗಿ ನೋಡಲ್ಲ. ಇಷ್ಟು ವರ್ಷದ ಸ್ನೇಹ ಅಷ್ಟೇನಾ?"

ಏಪ್ರಿಲ್ 2 ಪೊಲೀಸ್ ಧ್ವಜ ದಿನ. ಅವತ್ತು ಮಾರುವ ಧ್ವಜದ ಹಣ ಕಲ್ಯಾಣ ನಿಧಿಗೆ ಹೋಗುತ್ತದೆ, ನಿವೃತ್ತರಿಗೂ ಅದರಲ್ಲಿ ಪಾಲಿದೆ. ನಿವೃತ್ತರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆಯುವ ರೂಢಿಯೂ ಇದೆ. ವರ್ಷದ ಉಳಿದ ದಿನ ಕರೆಯುವವರಿಲ್ಲ, ನಿಜ. ಕೆಲಸದಲ್ಲಿರುವವರಿಗೆ ತಮ್ಮ ಮನೆಯ ಮುಖ ನೋಡಲೇ ಪುರುಸೊತ್ತಿಲ್ಲ.

ನಮ್ಮಲ್ಲಿ ನಿವೃತ್ತ ಎಎಸ್‌ಐ ಒಬ್ಬರಿದ್ದಾರೆ. ಪಕ್ಕದ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಯಾರೂ ಬರಲಿಲ್ಲ ಅಂತ ಒಂದು ವರ್ಷ ಬೇಜಾರು ಮಾಡಿಕೊಂಡಿದ್ದರು. ಆಮೇಲೆ ತಾವೇ ಬರಲು ಶುರುಮಾಡಿದರು. ಭಾನುವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಾರೆ. ಪಿಂಚಣಿ ಅರ್ಜಿ, ನಾಮಿನಿ ಫಾರಂ, ಬಿಲ್ಲಿನ ಫೈಲು, ಯಾರ ಕಾಗದವಾದರೂ ಸರಿ, ಕನ್ನಡಕ ಏರಿಸಿಕೊಂಡು ಓದಿ ತಪ್ಪು ತೋರಿಸುತ್ತಾರೆ. ಮೇಲೆ ಹೇಳಿದ ಅನುಕಂಪದ ಅರ್ಜಿಯನ್ನು ಬರೆದುಕೊಟ್ಟವರೂ ಅವರೇ. ಕಾಫಿ ಮಾತ್ರ ಸರದಿಯ ಮೇಲೆ ಒಂದೊಂದು ಮನೆಯಿಂದ ಹೋಗುತ್ತದೆ. ಸಕ್ಕರೆ ಕಮ್ಮಿ ಇರಬೇಕು, ಅವರಿಗೆ ಶುಗರ್ ಇದೆ.